ಅತ್ತೆ ಬಿಚ್ಚಗೊಡದ ಕಟ್ಟು

ನಂಗಲಿ, ೧೯೪೩

ಪೂಜ್ಯ ಅತ್ತೆಯವರಿಗೆ, ಸೊಸೆ ಮುನಿಶಾಮಮ್ಮ ಕಾಲು ಮುಟ್ಟಿ ಮಾಡುವ ನಮಸ್ಕಾರಗಳು.

ನೀವು ಮಾಲೂರಿಗೆ ಮಗಳ ಮನೆಗೆ ಹೋದ ಮೇಲೆ ಇಲ್ಲಿ ನನ್ನನ್ನು ಬೈಯುವವರೇ ಇಲ್ಲ. ಮನೆ ಬಿಕೋ ಎನ್ನುತ್ತಿದೆ. ಗಂಗರತ್ನಮ್ಮ, ಈ ಕಾಗದವನ್ನು ನಿಮ್ಮ ಅಮ್ಮನಿಗೆ ನಿಧಾನವಾಗಿ ಓದಿ ಹೇಳು. ನಡುವೆ ಅವರು ‘ಸಾಕು ನಿಲ್ಸೇ’ ಅಂದರೂ ನಿಲ್ಲಿಸಬೇಡ.

ಅತ್ತೆ, ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಹಿಂದಿನ ವರ್ಷ ಚಪ್ಪಡಿ ಕಲ್ಲಿನ ಗಾಡಿ ನನ್ನ ಕಾಲಿನ ಮೇಲೆ ಹರಿದಾಗ ಮೊಣಕಾಲ ಕೆಳಗಿನ ಮೂಳೆ ಮುರಿದು ಹೊರಗೆ ಬಂದಿತ್ತು. ಅದರ ಮೇಲಿನ ಚರ್ಮ, ಮಾಂಸ ಕಿತ್ತುಹೋಗಿತ್ತು. ಕೋಲಾರದ ಡಾಕ್ಟರು ಕೆಟ್ಟ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು, ಮೂಳೆ ಕೂಡಿಸಿ, ಗಾಯದೊಳಗೆ ಔಷಧದ ಬಟ್ಟೆ ತುಂಬಿ, ಪ್ಲಾಸ್ಟರ್ ಹಾಕಿ ಮುಚ್ಚಿಬಿಟ್ಟರು. ‘ಕಾಲು ಉಳೀಬೇಕಾದ್ರೆ ನಾನು ಹೇಳೋವರೆಗೂ ಇದನ್ನ ಬಿಚ್ಚಬೇಡಿ. ವಾಸನೆ ಬರುತ್ತೆ, ಹೆದರಬೇಡಿ. ಜ್ವರ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ’ ಎಂದು ನಿಮಗೆ ಹೇಳಿ ಮನೆಗೆ ಕಳಿಸಿದರು.

ವಾಸನೆಯೆಂದರೆ ಎಂಥ ವಾಸನೆ! ನಿಮ್ಮ ಮಗ ಹಾಸಿಗೆಯನ್ನು ಜಗಲಿಗೆ ಒಯ್ದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ನೀವು ಮಾತ್ರ ನನ್ನ ಪಕ್ಕದಲ್ಲೇ ಚಾಪೆ ಹಾಸಿದಿರಿ. ಸಾಂಬ್ರಾಣಿ ಹಾಕುತ್ತಾ, ದಾರಿ ನೋಡಿ ನಡೆಯಲಿಲ್ಲವೆಂದು ನನ್ನನ್ನು ಬೈಯುತ್ತಾ, ಹೊತ್ತುಹೊತ್ತಿಗೂ ಹಣೆ ಮುಟ್ಟಿ ನೋಡುತ್ತಿದ್ದಿರಿ.

ನಮ್ಮ ಕಡೆ ನಾಟಿ ಕಟ್ಟನ್ನು ಆಗಾಗ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಕಟ್ಟುತ್ತಾರಲ್ಲ; ಬಿಚ್ಚದೆ ಬಿಟ್ಟರೆ ರೋಗಿಯನ್ನು ಕೈಬಿಟ್ಟಂತೆ ಎಂದು ನಿಮ್ಮ ತಮ್ಮ ನರಸಿಂಹಪ್ಪ ಮಾವ ತಿಳಿದಿದ್ದರು. ಬಿಸಿ ಹರಳೆಣ್ಣೆಯ ಬಟ್ಟಲು, ಮರ ಕೆತ್ತುವ ಬಾಚಿ ಹಿಡಿದು ಬಂದೇಬಿಟ್ಟರು. ‘ಅಕ್ಕಾ, ಒಳಗೆ ಕಾಲು ಕೊಳ್ತೋಗಿದೆ. ಕಟ್ಟು ಒಡೀತೀನಿ. ಆಮೇಲೆ ಇವಳನ್ನ ತೌರಿಗೆ ಕಳ್ಸು, ಹುಡುಗನಿಗೆ ಬೇರೆ ಹೆಣ್ಣು ನೋಡೋಣ’ ಅಂದರು. ನಾನು ನಿಮ್ಮ ಮುಖ ನೋಡಿದೆ.

ನೀವು ನನ್ನ ಕಾಲಿಗೆ ಅಡ್ಡ ಕೂತಿರಿ. ‘ಏಮಿರಾ ನರಸಿಂಹಪ್ಪ, ನನ್ನ ಮಗನ ಕಾಲು ಮುರಿದಿದ್ರೆ ನಂಗೆ ಬೇರೆ ಮಗನ್ನ ತಂದ್ಕೊಡ್ತಿದ್ಯೇನ್ಲಾ? ಇವಳಿಗೆ ಜ್ವರ ಇಲ್ಲ, ಕಟ್ಟು ಬಿಚ್ಚಕ್ಕೆ ಬಿಡಲ್ಲ. ಆ ಎಣ್ಣೆ ನಿನ್ನ ತಲೆಗೆ ಹಾಕ್ಕೋ ಹೋಗು.’

ಅವರು ಹೋದ ಮೇಲೆ ನೀವು ಬಾಗಿಲ ಅಗುಳಿ ಹಾಕಿ, ಮೇಲಿಂದ ಮೇಲೆ ನನ್ನ ಹಣೆ ಮುಟ್ಟಿ ನೋಡಿದಿರಿ. ನಿಮಗೂ ಭಯವಿತ್ತೆಂದು ನನಗೆ ಆಗ ತಿಳಿಯಿತು.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿದಾಗ ಒಳಗೆ ದಾಳಿಂಬೆ ಕಾಳಿನಂತೆ ಕೆಂಪಗೆ ಹೊಸ ಮಾಂಸ ತುಂಬಿಕೊಂಡಿತ್ತು. ನನ್ನ ತೊಡೆಯ ಚರ್ಮವನ್ನೇ ತೆಳ್ಳಗೆ ತೆಗೆದು ಅದರ ಮೇಲೆ ಹಚ್ಚಿದರು. ಕೊಂಚ ಕುಂಟುತ್ತೇನೆ, ಆದರೆ ಎರಡು ಕಾಲಿನ ಮೇಲೇ ಕುಂಟುತ್ತೇನೆ. ಡಾಕ್ಟರಿಗೆ ಕೈಮುಗಿದೆ, ಅವರು ನಕ್ಕರು. ನಿಮಗೆ ಕೈಮುಗಿಯಲು ಬಂದರೆ ‘ಒಲೆ ಹಚ್ಚೋಗೇ’ ಎಂದು ಓಡಿಸಿದಿರಿ.

ಈಗ ಸುದ್ದಿ ಕೇಳಿ. ನಾನು ಬಸುರಿ. ಚೊಚ್ಚಲ ಹೆರಿಗೆ ತೌರಿನಲ್ಲೇ ಆಗಬೇಕೆಂದು ಅಮ್ಮ ಸುಗಟೂರಿನಿಂದ ಕರೆಯಲು ಬಂದಿದ್ದಳು. ನಾನು ಬರುವುದಿಲ್ಲವೆಂದೆ. ಬೇಸರಪಟ್ಟಳು, ಅತ್ತಳು. ಮಾವ ಬಾಚಿ ಹಿಡಿದು ಬಂದ ದಿನದ ಕಥೆಯನ್ನು ಪೂರ್ತಿ ಹೇಳಿದೆ. ಕಣ್ಣೊರೆಸಿಕೊಂಡು, ‘ಹಂಗಾದ್ರೆ ನಿಮ್ಮತ್ತೇನೇ ಬಾಣಂತನ ಮಾಡ್ಲಿ ಬಿಡು’ ಅಂದಳು.

ಬೇಗ ಬನ್ನಿ ಅತ್ತೆ. ದೇವರು ನಿಮಗೆ ನನ್ನ ಆಯುಸ್ಸನ್ನೂ ಸೇರಿಸಿ ಕೊಡಲಿ.

ನಿಮ್ಮ ಮನೆಯಲ್ಲೇ ಉಳಿದ ಸೊಸೆ,
ಮುನಿಶಾಮಮ್ಮ