ಸತ್ತ ಮರದ ಕಾವಲು

ಅಲ್ಮಾಟಿ
ಅಕ್ಟೋಬರ್ 13, ಭಾನುವಾರ ಬೆಳಿಗ್ಗೆ

ನನ್ನ ಮುದುಕಿ ರಬಿಗಾಳಿಗೆ,

ಮಂಡಿನೋವು ಹೇಗಿದೆ? ಅಕ್ತಾವಿನ ಕಡಲಗಾಳಿ ಒಗ್ಗಿತೆ? ಮಗಳು ಗೌಹಾರ್ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೆ, ಮೊಮ್ಮಗ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಾನೆಯೆ? ಬಾಣಂತನಕ್ಕೆಂದು ನಲವತ್ತು ದಿನಕ್ಕೆ ಹೋದವಳು ನೀನು. ಮಾರ್ಚಿನಲ್ಲಿ ಶುರುವಾದ ಆ ನಲವತ್ತು ಇನ್ನೂ ಮುಗಿದಿಲ್ಲ. ನಾನು ಶಾಲೆಯಿಂದಲೂ ಲೆಕ್ಕದಲ್ಲಿ ದಡ್ಡ, ದೂರುತ್ತಿಲ್ಲ.

ನನ್ನ ಆರೋಗ್ಯ ಗುಂಡುಕಲ್ಲಿನಂತಿದೆ. ಚಹಾ ಮಾತ್ರ ಕೆಟ್ಟಿದೆ. ನೀನಾದರೆ ಬಟ್ಟಲ ತಳ ಮುಚ್ಚುವಷ್ಟೇ ಬಗ್ಗಿಸಿ, ಮತ್ತೆ ಮತ್ತೆ ಕೈಚಾಚುವಂತೆ ಮಾಡುತ್ತಿದ್ದೆ. ನಾನು ಸೋಮಾರಿ, ಅಂಚಿನವರೆಗೂ ಸುರಿದುಕೊಳ್ಳುತ್ತೇನೆ. ನಮ್ಮಲ್ಲಿ ಅತಿಥಿಗೆ ತುಂಬಿದ ಬಟ್ಟಲು ಕೊಟ್ಟರೆ ‘ಇನ್ನು ಏಳಪ್ಪಾ’ ಎಂದರ್ಥ ತಾನೆ? ನನ್ನ ಮನೆಯಲ್ಲಿ ನನಗೇ ದಿನಾ ಹಾಗೆ ಹೇಳಿಕೊಂಡು ಏಳುತ್ತೇನೆ. ಎದ್ದು ಹೋಗುವುದೆಲ್ಲಿಗೆ? ಅದಕ್ಕೇ ಮೇ ತಿಂಗಳಿಂದ ಶನಿವಾರಗಳಂದು ಊರೊಳಗಿನ ಹಳೇ ತೋಪಿಗೆ ಹೋಗುತ್ತಿದ್ದೇನೆ. ಅಲ್ಲೊಂದು ಸ್ವಯಂಸೇವಕರ ತಂಡ ಪರದೇಶಿ ಮೇಪಲ್ ಸಸಿಗಳನ್ನು ಕಿತ್ತು, ನಮ್ಮ ಬೆಟ್ಟದ ಕಾಡುಸೇಬು ನೆಟ್ಟು, ಹಕ್ಕಿ ಪ್ರಾಣಿಗಳನ್ನು ವಾಪಸು ಕರೆಯುತ್ತಿದೆ.

ನಗರದ ಉದ್ಯಾನಗಳಲ್ಲಿ ಮೂವತ್ತನಾಲ್ಕು ವರ್ಷ ಪೊರಕೆ, ಗರಗಸ, ಸುಣ್ಣದ ಬಕೆಟ್ಟು ಹಿಡಿದ ಮಹಾಪುರುಷ ನಾನು. ಮೊದಲ ದಿನವೇ ಎರಡು ತಾಸಿನಲ್ಲಿ ತೋಪಿನ ಒಂದು ಮೂಲೆಯನ್ನು ಕನ್ನಡಿಯ ಹಾಗೆ ಗುಡಿಸಿ, ಹೊಗಳಿಕೆಗೆ ಕಾದು ನಿಂತೆ. ತಂಡದ ಮುಖ್ಯಸ್ಥೆ ಆಯ್ಸುಲು ತಲೆಯ ಮೇಲೆ ಕೈಹೊತ್ತುಕೊಂಡಳು: “ಅಯ್ಯೋ ತಾತಾ, ಮುಳ್ಳಿಲಿಗಳ ಮನೇನೇ ಗುಡಿಸಿಬಿಟ್ರಲ್ಲ!” ಅಷ್ಟೂ ತರಗೆಲೆಯನ್ನು ನಾನೇ ಹೊತ್ತು ಮತ್ತೆ ಹರಡಿದೆ. ಮುಂದಿನ ವಾರ, ಒಣಗಿದ ಎಲ್ಮ್ ಮರವೊಂದಕ್ಕೆ ಕಡಿಯಲೆಂದು ಸೀಮೆಸುಣ್ಣದ ಗುರುತು ಹಾಕಿದೆ. ಅವಳು ಪೊಟರೆ ತೋರಿಸಿದಳು. ಒಳಗೆ ಅಂಗೈಯಗಲದ ಗೂಬೆ, ನನ್ನನ್ನು ನಿನ್ನ ಹಾಗೆಯೇ ನೋಡಿತು. “ಸತ್ತ ಮರದಲ್ಲೂ ಸಂಸಾರ ಇರತ್ತೆ ತಾತ, ಸ್ವಲ್ಪ ಸುಮ್ನಿರಿ.”

ಸುಮ್ಮನಿರುವ ಆ ಕೆಲಸವನ್ನು ಬೇಸಿಗೆಯಿಡೀ ಮಾಡಿದೆ. ಮೂರು ಮರಿಗಳಾದವು. ವಲಸೆ ಹೋಗುವ ಜಾತಿಯಂತೆ, ಸೆಪ್ಟೆಂಬರಿನಲ್ಲಿ ಎಲ್ಲವೂ ದಕ್ಷಿಣಕ್ಕೆ ಹಾರಿಹೋದವು. ಅವುಗಳ ಕೂಗನ್ನು ನೀನು ಒಂದು ದಿನವೂ ಕೇಳಲಿಲ್ಲ. ನಿನ್ನೆ ಆ ಮರದ ವಿಚಾರಣೆ ನಡೆಯಿತು. ಕಾಲುದಾರಿಯ ಕಡೆ ವಾಲಿದೆ, ಚಳಿಗಾಲದ ಗಾಳಿಗೆ ಯಾರ ಮೇಲಾದರೂ ಬಿದ್ದೀತು, ಉರುಳಿಸಿಬಿಡೋಣ ಎಂದರು ಕೆಲವರು. ನಾನು ಏಣಿ ಹತ್ತಿ, ವಾಲಿದ ತುದಿಯನ್ನಷ್ಟೇ ಕೊಯ್ದು, ಪೊಟರೆಯಿರುವ ಬೊಡ್ಡೆಯನ್ನು ಉಳಿಸಿದೆ. ಪಕ್ಕದ ಮನೆಯ ನುರ್ತಾಯ್ ಕೆಳಗಿನಿಂದ ಕೂಗಿದ: “ಜೀವ ಇರೋ ಮರ ಎಲ್ಲ ಕಡ್ದು ಮುಗ್ಸಿದೋನು ಈಗ ಸತ್ತ ಮರ ಕಾಯ್ತಾವ್ನೆ, ನೋಡ್ರೋ!” ನೀನಿದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ನನಗೆ ಅದು ಹೊಳೆದದ್ದು ಮನೆಗೆ ಬಂದ ಮೇಲೆ. ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?

ಮಗುವಿನ ಹೆಜ್ಜೆ ಗಟ್ಟಿಯಾಗಲಿ, ಗೌಹಾರ್‌ಳ ಒಲೆ ಆರದಿರಲಿ, ನಿನ್ನ ಮಂಡಿ ರೈಲು ಹತ್ತುವಷ್ಟಾದರೂ ಮಡಚಲಿ.

ನಿನ್ನ ಮುದುಕ,
ಸೆರಾಲಿ

ತಾ.ಕ.: ದೃಷ್ಟಿ ತಾಗದಂತೆ ತೊಟ್ಟಿಲಿಗೆ ಕಟ್ಟಲು ಗೂಬೆಯ ಗರಿ ಕೇಳಿದ್ದೆಯಲ್ಲ, ಆ ಮರದಡಿ ಸಿಕ್ಕಿತು, ಈ ಲಕೋಟೆಯೊಳಗಿಟ್ಟಿದ್ದೇನೆ. ಅವು ಅದೇ ಪೊಟರೆಗೆ ವಾಪಸು ಬರುತ್ತವೆಯೇ ಎಂದು ಆಯ್ಸುಲುವನ್ನು ಎರಡು ಸಲ ಕೇಳಿದೆ. “ಪೊಟರೆ ಇದ್ರೆ ಬರ್ತವೆ ತಾತ, ಏಪ್ರಿಲ್‌ಗೆ” ಎಂದಳು. ಪೊಟರೆ ಇದೆ ಕಣೇ. ಅವುಗಳದ್ದು ಏಪ್ರಿಲ್. ನಿನ್ನದು ಯಾವ ತಿಂಗಳು?