ಮಾತ್ರೆ ಹಂಚಿದ ಮೊಲ

ಜೂನ್ 9
ಮತ್ತಿಕೆರೆ ರೂಮಿನಲ್ಲಿ ಶೂಟಿಂಗ್. ಮಧ್ಯಾಹ್ನವೆಲ್ಲ ಮೇಜಿನ ಕೆಳಗೆ ಕೂತು ಮೊಲದ ಗೊಂಬೆ ಆಡಿಸಿದೆ. ಕೀಚಲು ಧ್ವನಿ ತೆಗೆದು ತೆಗೆದು ಗಂಟಲು ಹೋಯಿತು. ಮೊಲಪ್ಪ ಮಾಸ್ತರರ ಇವತ್ತಿನ ಪಾಠ — ಹಂಚಿಕೊಂಡು ತಿನ್ನಿ. ಅಜ್ಜಿ ಡಬ್ಬಿಯ ಬಣ್ಣದ ಮಾತ್ರೆಗಳನ್ನು ಮೊಲ ಎಲ್ಲರಿಗೂ ಹಂಚುತ್ತದೆ. ಕೊನೆಗೆ ಹಾಜರಿ ಕರೆದರೆ ಯಾರೂ ಏಳುವುದಿಲ್ಲ. ಬರೆದವಳು ನಾನೇ. ಕ್ಯಾಮೆರಾ ಹಿಂದೆ ಅಶ್ವತ್ಥ್ ಬಿದ್ದು ಬಿದ್ದು ನಕ್ಕ. ಮಕ್ಕಳ ಕಾರ್ಯಕ್ರಮಗಳನ್ನು ಅಣಕಿಸುವ ನಮ್ಮ ಯೂಟ್ಯೂಬ್ ಸೀರೀಸ್ ನೋಡುವವರೆಲ್ಲ ಕಾಲೇಜು ಹುಡುಗರು. ಅವರಿಗೆ ಇಂಥದ್ದೇ ಬೇಕು.

ಜೂನ್ 14
ವ್ಯೂಸ್ ಲಕ್ಷ ದಾಟಿದೆ. ಕಮೆಂಟ್ಸ್ ಬಂದ್. ಯಾಕೆ ಎಂದು ಅಶ್ವತ್ಥ್‌ನನ್ನು ಕೇಳಿದೆ. ಅಪ್‌ಲೋಡ್ ಮಾಡುವಾಗ 'ಮಕ್ಕಳಿಗಾಗಿ' ಅನ್ನುವ ಕಡೆ ಟಿಕ್ ಹಾಕಿದನಂತೆ; ಹಾಗೆ ಹಾಕಿದರೆ ಕಮೆಂಟ್ಸ್ ತಾನಾಗಿ ಬಂದ್ ಆಗುತ್ತದೆ. ತಮಾಷೆಗೆ!
"ಪ್ಯಾರಡಿ ಅಂದ್ರೆ ಪೂರ್ತಿ ಪ್ಯಾರಡಿ ಮಗಾ."
ಈಗ ಮಕ್ಕಳ ಹಾಡು ಮುಗಿದ ಕೂಡಲೇ ನಮ್ಮ ಮೊಲ ತಾನಾಗಿ ಬರುತ್ತಿದೆ.
"ತಗೀ ಅದನ್ನ. ಈಗಿಂದೀಗ ತಗೀ."
"ಇದೊಂದ್ ವಾರ ಬಿಡು ಪ್ರತಿಭಾ. ಇಷ್ಟ್ ವ್ಯೂಸ್ ಯಾವತ್ತಾದ್ರೂ ನೋಡಿದ್ಯಾ?"
ಪಾಸ್‌ವರ್ಡ್ ಅವನ ಹತ್ತಿರ ಮಾತ್ರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೈಯೆಲ್ಲ ಉರಿಯುತ್ತಿದೆ.

ಜೂನ್ 15
ಫೋನ್ ಎತ್ತುತ್ತಿಲ್ಲ. ರೂಮಿಗೆ ಹೋದರೆ ಬೀಗ. ನನ್ನದೇ ವಿಡಿಯೋ ಮೇಲೆ ನಾನೇ ರಿಪೋರ್ಟ್ ಹಾಕಿದೆ. 'ಪರಿಶೀಲಿಸುತ್ತೇವೆ' ಅಂತ ಉತ್ತರ. ಯಾವಾಗ ಪರಿಶೀಲಿಸುತ್ತಾರೋ, ದರಿದ್ರದವರು.

ಜೂನ್ 19, ಬೆಳಗ್ಗೆ
ಮೇಲಿನ ಮನೆಯ ಮೋನಿಕಾ, ಓನರ್ ಚನ್ನಕೇಶವ ಅವರ ಮೊಮ್ಮಗಳು, ಇನ್ನೂ ಯುಕೆಜಿ ಮಗು. ನಿನ್ನೆ ಅಜ್ಜಿಯ ಬಿಪಿ ಮಾತ್ರೆ ನುಂಗಿಬಿಟ್ಟಿದ್ದಾಳೆ. ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಅಪಾಯ ಇಲ್ಲವಂತೆ. ಕೇಳಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.
ಅಶ್ವತ್ಥ್‌ಗೆ ಬಾಯಿಗೆ ಬಂದಂತೆ ಮೆಸೇಜ್ ಹಾಕಿದೆ. ಈಗ ಮಾತ್ರ ಉತ್ತರ ಬಂತು — "ಕೋಇನ್ಸಿಡೆನ್ಸ್ ಇರ್ಬೇಕು. ಪ್ಯಾನಿಕ್ ಆಗ್ಬೇಡ ಮಗಾ."
ಥೂ. ಇವನ ಜೊತೆ ಕೂತು ನಕ್ಕಿದ್ದೆನಲ್ಲ.

ಜೂನ್ 19, ಸಂಜೆ
ಹೆಬ್ಬಾಳದ ಆಸ್ಪತ್ರೆಗೆ ಹೋಗಿ ಬಂದೆ. ಎಲ್ಲ ಹೇಳಿಬಿಡಬೇಕು ಎಂದೇ ಹೋಗಿದ್ದೆ.
ವಾರ್ಡಿನ ಬಾಗಿಲಲ್ಲೇ ನನ್ನ ಧ್ವನಿ ಕೇಳಿಸಿತು. ಕೀಚಲು ಧ್ವನಿ. ಚನ್ನಕೇಶವ ಅವರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ಗಂಜಿ ತಿನ್ನಿಸುತ್ತಿದ್ದರು. ಅದೇ ವಿಡಿಯೋ.
"ಪೆಪ್ಪರ್‌ಮೆಂಟ್ ಅನ್ಕೊಂಡ್ ನುಂಗ್ಬುಟ್ಟವ್ಳೆ ಕಣಮ್ಮ. ಈಗ ಗಂಜಿನೂ ಬ್ಯಾಡ ಅಂತಾಳೆ. ಈ ಮೊಲ ಆಕುದ್ರೇನೇ ಬಾಯ್ ಬಿಡೋದು. ಅದೇನ್ ಹೇಳುತ್ತೋ, ನಂಗೆ ಕಿವಿ ಅಷ್ಟಕ್ಕಷ್ಟೆ."
ಮೊಬೈಲ್ ಕಿತ್ತುಕೊಂಡು ಆಫ್ ಮಾಡಿದೆ. ಮಗು ಅಳಲು ಶುರುಮಾಡಿತು. ಅವರು ಗಾಬರಿಯಿಂದ ನನ್ನ ಮುಖ ನೋಡಿದರು.
"ಆ ಮೊಲದ ಧ್ವನಿ ನಂದ ರೀ," ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದೆ. ಅಷ್ಟೇ ಹೊರಬಂತು.
ಅವರ ಮುಖ ಅರಳಿತು. "ಔದೇನಮ್ಮ? ಅಂಗಾದ್ರೆ ನೀನೇ ತಿನ್ಸು ತಾಯಿ. ನೀನ್ ಏನ್ ಹೇಳುದ್ರೂ ಕೇಳ್ತಾಳೆ."
ಗಂಜಿ ಬಟ್ಟಲು ನನ್ನ ಕೈಗಿಟ್ಟರು. ಮೋನಿಕಾ ಅಳು ನಿಲ್ಲಿಸಿ, ನನ್ನನ್ನೇ ನೋಡುತ್ತ ಬಾಯಿ ತೆರೆದಳು. ನಾನು ಅದೇ ಕೀಚಲು ಧ್ವನಿ ತೆಗೆದು ಚಮಚ ಅವಳ ಬಾಯಿಗಿಟ್ಟೆ.