ನೂರನೇ ಗೋಲಿಗೆ ಯಾವ ಲೆನ್ಸ್

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 7

ಭುಜಕ್ಕೆ ಬಿಸಿನೀರಿನ ಚೀಲ. ಎಡಗೈ ಕಿವಿಯವರೆಗೆ ಏಳುತ್ತದೆ, ಅದರಾಚೆ ಇಲ್ಲ. ಟೋಸ್ಟ್, ಚಹಾ. ಆಮೇಲೆ ಕ್ಯಾಮೆರಾದ ಉದ್ದದ ಲೆನ್ಸ್ ಒರೆಸಿದೆ. 400. ಮೂರು ಕಿಲೋ. ಇದಕ್ಕೆ ಮುಂಚಿನದು ಐದೂವರೆ ಇತ್ತು, ತುಟಿಪಿಟಕ್ಕೆನ್ನದೆ ಹೊರುತ್ತಿದ್ದೆ. ಈಗ ಇದನ್ನು ಮಾನೋಪಾಡ್‌ನ ಒಂಟಿ ಕಾಲಿನ ಮೇಲೆ ನಿಲ್ಲಿಸಿಕೊಂಡರೂ ಆಟದ ಮೂರನೇ ಕ್ವಾರ್ಟರ್ ಹೊತ್ತಿಗೆ ಕೈ ನಡುಗುತ್ತದೆ. ಮೊನ್ನೆ ಶನಿವಾರ ಹನ್ನೊಂದು ಚಿತ್ರ ಮಸುಕು. ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೇನೆ.

ಡಾರ್ಸಿ ಪೆಂಗೆಲ್ಲಿಯದು ಈಗ 96 ಗೋಲು. ಇನ್ನು ನಾಲ್ಕೇ. ಕೈಯಲ್ಲೂ ಚೆಂಡು ಹಿಡಿಯುವ ಇಲ್ಲಿನ ಫುಟ್‌ಬಾಲಿನಲ್ಲಿ ಒಂದೇ ಸೀಸನ್ನಿಗೆ ನೂರು ಗೋಲು ಹೊಡೆದವನನ್ನು ಮೆಲ್ಬರ್ನ್ ನೋಡಿ ಎಷ್ಟೋ ವರ್ಷವಾಯಿತು. ನೂರನೆಯದು ಬಿದ್ದ ಕೂಡಲೇ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗುತ್ತಾರೆ. ಇಲ್ಲಿನ ಪದ್ಧತಿ, ಯಾರು ಬೇಡವೆಂದರೂ ನಿಲ್ಲುವುದಿಲ್ಲ. ಚೆಂಡು ಅವನ ಕಾಲು ಬಿಟ್ಟಲ್ಲಿಂದ ಅವನು ಜನರಲ್ಲಿ ಮುಳುಗುವವರೆಗೆ ಹತ್ತು ಸೆಕೆಂಡು ಸಿಗಬಹುದು. ನನಗೆ ಆ ಹತ್ತು ಸೆಕೆಂಡು ಬೇಕು. ಮೂವತ್ತೊಂದು ವರ್ಷದಿಂದ ಬೌಂಡರಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಹಿಂದೊಮ್ಮೆ ನನ್ನ ಎದುರಿಗೇ ಒಬ್ಬ ನೂರು ಹೊಡೆದ. ಕ್ಯಾಮೆರಾದಲ್ಲಿ ಫಿಲ್ಮ್ ಮುಗಿದಿತ್ತು.

ಆಗಸ್ಟ್ 6, ಬುಧವಾರ

ಗಮನಿಸಿದ್ದಾಳೆ. ಮರೀನ್. ನಮ್ಮ ಕ್ರೀಡಾ ಸಂಪಾದಕಿ.

"ಕೂತ್ಕೊಳೇ ಗ್ಲೆನಿಸ್. ಭುಜ ಹೇಗಿದೆ?"

"ಚೆನ್ನಾಗಿದೆ."

"ನನ್ ಹತ್ರ ಸುಳ್ಳ್ ಹೇಳ್ತೀಯಾ? ಶನಿವಾರದ್ದೆಲ್ಲಾ ನೋಡ್ದೆ. ಹನ್ನೊಂದು ಅಲ್ಲಾಡಿದಾವೆ."

ಪತ್ರಿಕೆಗೆ ಬೌಂಡರಿ ಪಾಸ್ ಒಂದೇ. ಅದು ಈ ವಾರದಿಂದ ಕೀರನ್ ಓಟ್ಸ್‌ಗಂತೆ. ಮದುವೆ ಫೋಟೋದವನು! ಮದುಮಗಳ ಮುಸುಕು ಸರಿಮಾಡಿಸುತ್ತಾ ಬದುಕಿದವನು. ನನಗೆ ಮೇಲಿನ ಸ್ಟ್ಯಾಂಡ್, 600 ಲೆನ್ಸ್, ಮೂರು ಕಾಲಿನ ಟ್ರೈಪಾಡ್.

"ಆರಾಮಾಗಿ ಕೂತ್ಕೊಂಡು ತೆಗಿ. ಭಾರ ಹೊರೋ ಗೋಜಿಲ್ಲ. ಆಮೇಲೆ ಆ 400 ಅವನಿಗೆ ಕೊಡು. ಹೇಗೂ ಆಫೀಸ್ದೇ ಅಲ್ವಾ. ಏನೇನ್ ತರ್ಬೇಕು, ಹೇಗ್ ಕೂರ್ಬೇಕು, ಸ್ವಲ್ಪ ಹೇಳ್ಕೊಡು. ನಿನ್ನಷ್ಟ್ ಗೊತ್ತಿರೋರು ಇನ್ಯಾರಿದಾರೆ?"

ಕಿತ್ತುಕೊಂಡು ಹೊಗಳಿದಳು. ಆಗಲಿ ಅಂದು ಬಂದೆ. ಟ್ರಾಮ್‌ನಲ್ಲಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಆಗಸ್ಟ್ 7, ಗುರುವಾರ. ಸಂಜೆ 5

ಬಂದಿದ್ದ. ಕೀರನ್‌ಗೆ ಮೂವತ್ತೈದಿರಬಹುದು. ಒಂದು ಪೊಟ್ಟಣ ಲ್ಯಾಮಿಂಗ್ಟನ್ ಕೇಕ್ ಬೇರೆ ತಂದಿದ್ದ. ಪುಟ್ಟ ಪುಸ್ತಕ, ಪೆನ್ಸಿಲು. ಇಂಥವನನ್ನು ದ್ವೇಷಿಸುವುದೂ ಕಷ್ಟದ ಕೆಲಸವೇ, ಆದರೆ ಮಾಡಿದೆ.

ಮೊದಲು ಎಲ್ಲ ನಿಜವನ್ನೇ ಹೇಳಿದೆ. ಮಾನೋಪಾಡ್ ಕ್ಯಾಮೆರಾಗಲ್ಲ, ಲೆನ್ಸಿನ ಪಾದಕ್ಕೆ ಸಿಕ್ಕಿಸಬೇಕು. ಸ್ಟೂಲ್ ಮೇಲೆ ಕೂತು, ಬೆನ್ನು ಬಾಗದಂತೆ ಕಣ್ಣಿನ ಎತ್ತರಕ್ಕೆ ಅದರ ಕಾಲನ್ನು ಬಿಗಿ ಮಾಡಬೇಕು. ಲೆನ್ಸಿನ ಕೊರಳಪಟ್ಟಿ ಅರ್ಧ ಸಡಿಲವಿರಲಿ, ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗಬೇಕಲ್ಲ. ಟ್ರೈಪಾಡನ್ನು ಕೆಳಗೆ ಬೌಂಡರಿಗೆ ಬಿಡುವುದಿಲ್ಲ, ಆಟಗಾರರು ಎಡವುತ್ತಾರೆ. ಎಲ್ಲ ಬರೆದುಕೊಂಡ.

"ನನ್ ಹತ್ರ ಇನ್ನೊಂದ್ ಕ್ಯಾಮೆರಾ ಇದೆ. ಮದುವೆಗೆ ತಗೊಂಡ್ ಹೋಗೋದು, ಸಣ್ಣ ಲೆನ್ಸು. ಅದನ್ನೂ ಹೆಗಲಿಗ್ ಹಾಕ್ಕೊಂಡ್ ಬರ್ಲಾ?"

ನಿಜ ಹೇಳಬೇಕೆಂದರೆ ಎಲ್ಲ ಇರುವುದೇ ಅಲ್ಲಿ. ನೂರನೆಯದಕ್ಕೆ ಉದ್ದದ ಲೆನ್ಸು ಕಿಕ್ ಮುಗಿಯುವವರೆಗೆ ಮಾತ್ರ. ಚೆಂಡು ಕಾಲು ಬಿಟ್ಟಿತೋ, ಅದನ್ನು ಮಾನೋಪಾಡ್ ಸಮೇತ ಸ್ಟೂಲ್ ಕೆಳಗೆ ತಳ್ಳಿ, ಸಣ್ಣದನ್ನು ಹಿಡಿದು ಜನಕ್ಕಿಂತ ಮೊದಲು ಓಡಬೇಕು. ಹತ್ತಿರ ಬಂದವನನ್ನು 400ರಲ್ಲಿ ನೋಡಿದರೆ ಮೂಗಿನ ಹೊಳ್ಳೆ ಸಿಗುತ್ತದೆ, ಅಷ್ಟೇ.

"ಬೇಡ. ಎರಡ್ ತಂದೋರಿಗೆ ಒಂದೂ ದಕ್ಕಲ್ಲ. ಒಂದೇ ಕ್ಯಾಮೆರಾ, ಒಂದೇ ಲೆನ್ಸು."

"ಜನ ನುಗ್ಗಿದಾಗ?"

"ಮಾನೋಪಾಡ್ ಬಿಚ್ಚಬೇಡ. ನಾಲ್ಕ್ ಹೆಜ್ಜೆ ಹಿಂದ್ ಸರಿದು ತೆಗಿತಾ ಇರು."

ಅದನ್ನೂ ಬರೆದುಕೊಂಡ. ಅಡಿಗೆರೆ ಹಾಕಿದ. ಬಾಯಿ ತಪ್ಪಿ ಬಂದ ಮಾತಲ್ಲ. ತಿಳಿದೇ ಹೇಳಿದೆ. ನನಗೆ ಸಿಗದ್ದು ಅವನಿಗೂ ಸಿಗಬಾರದು ಅನ್ನಿಸಿತು, ಹೇಳಿದೆ. ಕೇಕ್ ತಿಂದೆ. ಚೆನ್ನಾಗಿತ್ತು.

ಆಗಸ್ಟ್ 8, ಶುಕ್ರವಾರ

ಫೋನ್ ಕೈಗೆತ್ತಿಕೊಂಡೆ. ಇಟ್ಟೆ. ಬಟ್ಟೆ ಒಗೆದೆ.

ಆಗಸ್ಟ್ 9, ಶನಿವಾರ. ಸಂಜೆ 6

ಹೊಡೆದ. ಮೂರನೇ ಕ್ವಾರ್ಟರ್, ಹನ್ನೆರಡನೇ ನಿಮಿಷ. ನನ್ನ ಹತ್ತಿರ ಆ ಚಿತ್ರ ಇಲ್ಲ.

ನಾಳೆ ಬರೆಯುತ್ತೇನೆ.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ

ಟ್ರೈಪಾಡ್ ಕಲ್ಲಿನಂತೆ ನಿಂತಿತ್ತು. ಬೆಳಕು ಹಿಂದಿನಿಂದ, ಚೆನ್ನಾಗಿತ್ತು. ಪೆಂಗೆಲ್ಲಿ ಗೋಲಿನಿಂದ ಮೂವತ್ತು ಮೀಟರ್ ದೂರದಲ್ಲಿ ನೆಗೆದು ಚೆಂಡು ಹಿಡಿದ. ನೇರ ಎದುರು. ಹಾಗೆ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದ ಒಂದು ಕಿಕ್ ಸಿಗುತ್ತದೆ. 99 ಆಗಿತ್ತು. ನಲವತ್ತು ಸಾವಿರ ಜನ ಎದ್ದು ನಿಂತರು. ಅವನು ಕಾಲುಚೀಲ ಎಳೆದುಕೊಂಡ, ಹುಲ್ಲು ಕಿತ್ತು ಗಾಳಿಗೆ ಬಿಟ್ಟ. ನನಗೆ ಎಲ್ಲ ಕಾಣುತ್ತಿತ್ತು, ಹುಬ್ಬಿನ ಬೆವರಿನ ಸಮೇತ. ಮೇಲಿನಿಂದ ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ಗೊತ್ತೇ ಇರಲಿಲ್ಲ.

ಅವನು ಓಡಲು ಶುರುಮಾಡಿದ. ನಾನು ಲೆನ್ಸ್ ತಿರುಗಿಸಿದೆ — ಕೀರನ್ ಕಡೆಗೆ. ಅವನು ಸೋಲುವುದನ್ನು ನೋಡಬೇಕಿತ್ತು.

ಗೋಲಿನ ಪಕ್ಕದಲ್ಲೇ ಕೂತಿದ್ದ. ಹೇಳಿದ ಹಾಗೆಯೇ, ಬೆನ್ನು ನೆಟ್ಟಗೆ. ಗದ್ದಲ ಎದ್ದಿತು. ಅವನ ಹಿಂದಿನ ಬೇಲಿ ಹಾರಿ ಜನ ನುಗ್ಗಿದರು. ಪಕ್ಕದಲ್ಲಿದ್ದ ಏಜೆನ್ಸಿಯ ಆಂಬ್ರೋಸ್ ತನ್ನ ಉದ್ದದ ಲೆನ್ಸ್ ಸ್ಟೂಲ್ ಕೆಳಗೆ ತಳ್ಳಿ, ಸಣ್ಣದನ್ನೆತ್ತಿ ಓಡಿಯೇಬಿಟ್ಟ. ಅರವತ್ತು ದಾಟಿದ ಮುದುಕ. ಕೀರನ್ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದ. ಎಣಿಸಿದೆ, ನಾಲ್ಕೇ. ಮಾನೋಪಾಡ್ ಅಡ್ಡ ಬಂತು. ಓಡಿ ಬರುತ್ತಿದ್ದ ಹೆಂಗಸೊಬ್ಬಳ ಮೊಣಕಾಲಿಗೆ ಸಿಕ್ಕಿ ಅವಳು ಬಿದ್ದಳು. ಹಿಂದೆ ಸಾವಿರ ಕಾಲು. ಅವನು ಎಲ್ಲ ಎಸೆದು ಅವಳ ಮೇಲೆ ಬಗ್ಗಿ ಎರಡು ಕೈ ಊರಿ ನಿಂತ. ಜನ ಅವನ ಬೆನ್ನು ಹಾರಿ ಹೋದರು, ಕೈ ತುಳಿದು ಹೋದರು. ಅವಳು ಎದ್ದಳು. ಅವನಿಗೆ ತಕ್ಷಣ ಏಳಲಾಗಲಿಲ್ಲ.

ಅವನದೇ ಇಪ್ಪತ್ತಮೂರು ಚಿತ್ರ ತೆಗೆದಿದ್ದೆ. ಒಂದೂ ಅಲ್ಲಾಡಿಲ್ಲ.

ಪೆಂಗೆಲ್ಲಿ ಕಡೆ ತಿರುಗಿಸಿದಾಗ ಬರೀ ತಲೆಗಳು.

ಆಗಸ್ಟ್ 11, ಸೋಮವಾರ

ಮುಖಪುಟಕ್ಕೆ ಆಂಬ್ರೋಸ್ ತೆಗೆದ ಚಿತ್ರ. ಪೆಂಗೆಲ್ಲಿಯ ಕೊರಳು ತಬ್ಬಿದ ಹಲ್ಲಿಲ್ಲದ ಮುದುಕ, ಇಬ್ಬರೂ ಅಳುತ್ತಿದ್ದಾರೆ. ನಾನು ತೆಗೆಯಬೇಕಿದ್ದ ಚಿತ್ರ. ನಾನು ಇದಕ್ಕಿಂತ ಚೆನ್ನಾಗಿ ತೆಗೆಯುತ್ತಿದ್ದೆ ಎಂದು ಬರೆಯಹೊರಟೆ. ಇಲ್ಲ. ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ.

ಮರೀನ್ ನನ್ನ ಇಪ್ಪತ್ತಮೂರನ್ನೂ ಪರದೆಯ ಮೇಲೆ ಹರಡಿಕೊಂಡು ಕೂತಿದ್ದಳು.

"ಗೋಲ್ ಹೊಡೆಯೋ ಹೊತ್ತಲ್ಲಿ ನಿನ್ ಲೆನ್ಸ್ ಓಟ್ಸ್ ಮೇಲ್ ಯಾಕಿತ್ತು?"

"ಕೈ ಜಾರ್ತು."

"ಟ್ರೈಪಾಡ್ ಮೇಲೆ?"

ಪರದೆಯ ಮೇಲಿನ ಚಿತ್ರಗಳನ್ನು ಎಣಿಸತೊಡಗಿದೆ.

"ಅವನಿಗೆ ಸಣ್ಣ ಲೆನ್ಸ್ ತರೋಕ್ ಹೇಳಿರ್ಲಿಲ್ವಾ ನೀನು?"

"ಅವನನ್ನೇ ಕೇಳು."

ತರಬೇಡ ಅಂದದ್ದು ನಾನೇ. ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ.

ಆಗಸ್ಟ್ 14, ಗುರುವಾರ. ಮಧ್ಯಾಹ್ನ

ಕೀರನ್ ಬಂದಿದ್ದ. ಬಲ ಮಣಿಕಟ್ಟಿಗೆ ಪ್ಲಾಸ್ಟರ್. ಕೇಕ್ ಇಲ್ಲ. ಎಡಗೈಯಲ್ಲಿ ಲೆನ್ಸಿನ ಪೆಟ್ಟಿಗೆ. ಮುಂದಿನ ಮುಚ್ಚಳ ಸೀಳಿದೆ, ಗಾಜಿಗೆ ಏನೂ ಆಗಿಲ್ಲ. ಕೂರಲು ಹೇಳಿದೆ. ಕೂರಲಿಲ್ಲ.

"ಫಸ್ಟ್ ಏಡ್ ರೂಮಲ್ಲಿ ಆಂಬ್ರೋಸ್ ಬಂದು ನೋಡಿದ್ರು. 'ಸಣ್ಣ ಲೆನ್ಸ್ ಇಲ್ದೆ ನೂರನೇ ಗೋಲಿಗೆ ಬರೋ ಪೆದ್ದ ಯಾರಪ್ಪಾ' ಅಂತ ನಕ್ರು. ಗ್ಲೆನಿಸ್ ಅವ್ರು ಒಂದೇ ಲೆನ್ಸ್ ಸಾಕು ಅಂದಿದ್ರು ಅಂದೆ. ನಗು ನಿಂತ್ಹೋಯ್ತು."

ನಾನು ಪೆಟ್ಟಿಗೆಯ ಬಕಲ್ ತೆಗೆದು ಹಾಕುತ್ತಿದ್ದೆ.

"ಮರೀನೂ ಕೇಳಿದ್ರು. ಕಾರಲ್ಲಿ ಮರ್ತ್ ಬಂದೆ ಅಂದ್ಬಿಟ್ಟೆ."

"ಯಾಕ್ ಹಾಗಂದೆ?"

"ನಿಮ್ ಕೆಲಸ ಹೋಗೋದ್ ಬೇಡ ಅಂತ." ಬಾಗಿಲ ಹತ್ತಿರ ಹೋಗಿ ನಿಂತ. "ಆ ಜಾಗ ನಿಮಗೆ ಅಷ್ಟೊಂದ್ ಬೇಕು ಅಂತ ನಂಗೊತ್ತಿರ್ಲಿಲ್ಲ. ಕೇಳಿದ್ರೆ ಬಿಟ್ಕೊಡ್ತಿದ್ದೆ ಕಣ್ರೀ."

ಹೋದ. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ ಎಂದು ಬರೆದರೆ ಅದೂ ಸುಳ್ಳು. ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು... ಹಾಳಾದವನು ಬೈಯಲೂ ಇಲ್ಲ.

ಮೂರು ಗಂಟೆಗೆ ಮರೀನ್ ಫೋನು. "ಓಟ್ಸ್ ಕೈ ಆರ್ ವಾರ ಆಗಲ್ಲ. ಬೇರೆ ಯಾರೂ ಇಲ್ಲ. ಶನಿವಾರ ಬೌಂಡರಿಗೆ ನೀನೇ ಹೋಗು." ಖುಷಿಯಾಯಿತು. ಹೊಟ್ಟೆಯೊಳಗಿಂದ ಬಂದ ಖುಷಿ. ಇಂಥ ಹೆಂಗಸು ನಾನು.

ಆಗಸ್ಟ್ 16, ಶನಿವಾರ. ಮಧ್ಯಾಹ್ನ 1.10

ಬೌಂಡರಿ. ನನ್ನ ಹಳೆಯ ಮೂಲೆ. 400, ಹೊಸ ಮಾನೋಪಾಡ್, ಹೆಗಲಿಗೆ ಸಣ್ಣದು. ಒಂಬತ್ತು ಜನ ಸಾಲಾಗಿ ಕೂತಿದ್ದಾರೆ. ನಾನು ಬರುವವರೆಗೆ ಮಾತಿತ್ತು. ಸಾಸೇಜ್ ರೋಲ್‌ನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು, ನನ್ನ ಮೊಣಕಾಲಿನ ಮೇಲಿಂದ ಆಚೆಯವಳಿಗೆ ಹೋಯಿತು.

ಶೌಚಕ್ಕೆ ಹೋಗಬೇಕಿತ್ತು. ಇಲ್ಲಿ ಯಾರೂ ಲೆನ್ಸ್ ಹೊತ್ತುಕೊಂಡು ಹೋಗುವುದಿಲ್ಲ. ಒಂದು ಮಾತು ಹೇಳಿದರೆ ಪಕ್ಕದವನು ಅದರ ಮೇಲೆ ಕೈ ಇಟ್ಟುಕೊಂಡು ಕೂರುತ್ತಾನೆ. ಬೇರೆ ಪತ್ರಿಕೆಯವನಾದರೂ ಸರಿ, ಹೋದ ವಾರ ಜಗಳವಾಡಿದವನಾದರೂ ಸರಿ. ಮೂವತ್ತೊಂದು ವರ್ಷದಲ್ಲಿ ಯಾರೂ ಆಗುವುದಿಲ್ಲ ಅಂದದ್ದು ಕೇಳಿಲ್ಲ.

"ಆಂಬ್ರೋಸ್, ಒಂದ್ ಕಣ್ಣಿಟ್ಟಿರೋ."

ಅವನು ತನ್ನ ಮಾನೋಪಾಡ್‌ನ ತಿರುಪು ಬಿಗಿ ಮಾಡುತ್ತಲೇ ಇದ್ದ. ಅದು ಬಿಗಿಯಾಗಿಯೇ ಇತ್ತು.

"ತಗೊಂಡ್ ಹೋಗು ಗ್ಲೆನ್."

"ಐದ್ ನಿಮಿಷ ಕಣೋ."

"ತಗೊಂಡ್ ಹೋಗು ಅಂದ್ನಲ್ಲ."

ಆಚೆಯವಳ ಕಡೆ ನೋಡಿದೆ. ಅವಳು ಮೈದಾನ ನೋಡುತ್ತಿದ್ದಳು. ಮೈದಾನದಲ್ಲಿ ಇನ್ನೂ ಯಾರೂ ಇರಲಿಲ್ಲ.

ಹೋಗಲಿಲ್ಲ. ತಡೆದುಕೊಂಡು ಕೂತಿದ್ದೇನೆ, ಏನಾದರೂ ಮಾಡುತ್ತಿರುವ ಹಾಗೆ ಕಾಣಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆಟ ಮುಗಿಯಲು ಎರಡೂವರೆ ಗಂಟೆ ಬೇಕು. ತಡೆಯಬಲ್ಲೆ. ಮುಂದಿನ ಶನಿವಾರವೂ... ಅದರ ಮುಂದಿನದೂ...

ಆಟಗಾರರು ಬರುತ್ತಿದ್ದಾರೆ. ಪೆಂಗೆಲ್ಲಿ ಮುಂದೆ. ಒಂಬತ್ತು ಲೆನ್ಸೂ ಒಟ್ಟಿಗೆ ಎದ್ದವು. ನಾನೂ ಪೆನ್ನು ಇಡಬೇಕು.